ಸೊಪ್ಪಿನ ಬೆಟ್ಟದ ಮರ ಕಡಿದರೆ ಮತ್ತೆ ಚಿಗುರಬೇಕಲ್ವಾ? ನಮ್ಮಲ್ಲಿ ಯಾಕೆ ಸೊರಗುತ್ತಿವೆ?

ಬೆಟ್ಟದಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ. ಬಯಲುಸೀಮೆಯವರಿಗಾಗಿ ಒಂದು ಮಾತು: ಬೆಟ್ಟದ ಜಾಗ ಸರ್ಕಾರದ್ದು. ಅಲ್ಲಿಂದ ತೋಟದ ಗೊಬ್ಬರಕ್ಕೆ ಬೇಕಾದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು ತೋಟದವರದ್ದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಅನ್ನುವುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ.

ನಮ್ಮ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ಕೌಲು, ನೇರಳೆ ಎಲ್ಲ ಇವೆ. ಆದರೆ ಈಗ ನೋಡಿದರೆ ಬೇಜಾರಾಗುತ್ತದೆ. ಬೋಳು ಕಾಂಡ, ಕಡಿದು ಕಡಿದು ಅಲ್ಲಲ್ಲಿ ಗಂಟು, ತುದಿಯಲ್ಲಿ ಒಂದು ಹಿಡಿ ಎಲೆ. ಕೆಲವು ಮರ ಒಣಗಿಯೇ ಹೋದವು. ಅವು ನಿಂತಿದ್ದ ಕಡೆ ಬಿಸಿಲು ಬಿದ್ದು ಯುಪಟೋರಿಯಂ ಕಳೆ ತುಂಬಿದೆ.

ಮಗಳು ಹೇಳುತ್ತಾಳೆ, ಇನ್ನು ಕತ್ತಿಯೇ ಮುಟ್ಟಿಸಬೇಡಿ ಅಂತ. ಅಪ್ಪ ಹೇಳುತ್ತಾರೆ, ಕಡಿಯದೆ ಬಿಟ್ಟರೆ ಮರ ಎತ್ತರಕ್ಕೆ ಹೋಗುತ್ತದೆ, ಆಮೇಲೆ ಸೊಪ್ಪು ಕೈಗೇ ಸಿಗುವುದಿಲ್ಲ ಅಂತ. ಯುರೋಪಿನ ಕಡೆ ಮರವನ್ನು ಬುಡದಲ್ಲೇ ಕಡಿದು, ಚಿಗುರಿದ್ದನ್ನು ಬೆಳೆಸಿ, ಮತ್ತೆ ಕಡಿದು, ಹೀಗೆ ನೂರಾರು ವರ್ಷ ಅದೇ ಬುಡದಿಂದ ಕೋಲು ತೆಗೆಯುತ್ತಾರಂತೆ. ನಮ್ಮ ಮರಕ್ಕೂ ಅದು ಆಗುತ್ತದಾ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಸಾಗರದ ಸುಮಾ

ಅಣ್ಣ, ಈ ವಿಷಯದಲ್ಲಿ ನಾನು ನಿಮ್ಮ ಅಪ್ಪನ ಪರ. ಮರ ಕಡಿತದಿಂದ ಸಾಯುವುದಿಲ್ಲ, ಬಿಡುವು ಕೊಡದೆ ಕಡಿದರೆ ಸಾಯುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಒಂದು ವರ್ಷ ಸೊಪ್ಪು ಕಡಿದ ಕಡೆಗೆ ಮರುವರ್ಷ ಯಾರೂ ಕತ್ತಿ ಹಿಡಿದು ಹೋಗುತ್ತಿರಲಿಲ್ಲ. ಈಗ ಮನೆ ಹತ್ತಿರದ ನಾಲ್ಕು ಮರ ಸಿಕ್ಕಿದರೆ ಪ್ರತಿ ವರ್ಷ ಅವನ್ನೇ ಬೋಳಿಸುತ್ತಾರೆ. ದೂರದ ಬೆಟ್ಟ ಹಾಗೇ ಬಿದ್ದಿರುತ್ತದೆ. ಯಾಕೆಂದರೆ ಹೊರೆ ಹೊತ್ತು ತರುವವರು ಇಲ್ಲ.

ಹಳೇ ಗಾರ್ಡ್, ಯಲ್ಲಾಪುರ

ಕಾಡಿನ ಕೆಲಸದಲ್ಲೇ ಆಯುಸ್ಸು ಕಳೆದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಎರಡನ್ನೂ ಬೇರೆ ಮಾಡಿಕೊಳ್ಳಿ. ನೀವು ಮಾಡುತ್ತಿರುವುದು ನಿಂತ ಮರದ ಕೊಂಬೆ ಸವರುವುದು. ನೀವು ಕೇಳುತ್ತಿರುವುದು ನೆಲಮಟ್ಟಕ್ಕೆ ಕಡಿದು ಬುಡದಿಂದ ಹೊಸ ಕಾಂಡ ಎಬ್ಬಿಸುವುದು. ಎರಡಕ್ಕೂ ಆಧಾರ ಒಂದೇ. ತೊಗಟೆಯ ಕೆಳಗೆ ಮಲಗಿರುವ ಮೊಗ್ಗು ಇರುತ್ತವೆ. ಮೇಲಿನ ಭಾಗ ಹೋದ ತಕ್ಷಣ ಅವು ಎದ್ದೇಳುತ್ತವೆ. ಬೇರು ಹಳೆಯದು, ಆಳಕ್ಕೆ ಹೋಗಿರುತ್ತದೆ, ಅದರಲ್ಲಿ ಕೂಡಿಟ್ಟ ಆಹಾರ ಇರುತ್ತದೆ. ಅದಕ್ಕೇ ಬೀಜದಿಂದ ಹುಟ್ಟಿದ ಸಸಿಗಿಂತ ಬುಡದ ಚಿಗುರು ಎಷ್ಟೋ ಬೇಗ ಏಳುತ್ತದೆ.

ಆ ಕೂಡಿಟ್ಟ ಆಹಾರ ಮತ್ತೆ ತುಂಬುವುದು ಎಲೆಯಿಂದ. ಎಲೆ ಬಲಿತು ಬೇರಿಗೆ ಕಳಿಸುವ ಮೊದಲೇ ಮತ್ತೆ ಕಡಿದರೆ ಬೇರು ಬರಿದಾಗುತ್ತದೆ. ಎರಡು ಮೂರು ಸಲ ಹೀಗಾದರೆ ಮರ ಮುಗಿಯಿತು. ನಿಮ್ಮ ಬೆಟ್ಟದಲ್ಲಿ ಆಗುತ್ತಿರುವುದು ಇದೇ.

ನಮ್ಮ ಕಡೆ ತೇಗ, ಮತ್ತಿ, ನಂದಿ, ನೇರಳೆ ಚೆನ್ನಾಗಿ ಚಿಗುರುತ್ತವೆ. ಎಳೆ ಮರ, ನಡುವಯಸ್ಸಿನ ಮರ ಚಿಗುರಿದ ಹಾಗೆ ಭಾರೀ ದಪ್ಪದ ಮುದಿ ಮರ ಚಿಗುರುವುದಿಲ್ಲ. ಅದನ್ನು ಬುಡಕ್ಕೆ ಕಡಿದರೆ ಕಳೆದುಕೊಂಡ ಹಾಗೇ.

ಇನ್ನೊಂದು ಮುಖ್ಯ ಮಾತು. ಬೆಟ್ಟದಲ್ಲಿ ನಿಮಗೆ ಇರುವುದು ಸೊಪ್ಪಿನ ಸವಲತ್ತು. ಮರವನ್ನು ಬುಡಕ್ಕೆ ಕಡಿಯಲು ಇಲಾಖೆಯ ಅನುಮತಿ ಬೇಕೇ ಬೇಕು. ಯಾರೋ ಇಲ್ಲಿ ಬರೆದರು ಅಂತ ಕೊಡಲಿ ಎತ್ತಿಕೊಂಡು ಹೋಗಬೇಡಿ.

ಮಾಲೂರು ಮಂಜ

ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕೋಲಾರ ಜಿಲ್ಲೆಯಲ್ಲಿ ಬುಡದ ಚಿಗುರು ಅಂದರೆ ಮಕ್ಕಳಿಗೂ ಗೊತ್ತು, ನೀಲಗಿರಿ ದೆಸೆಯಿಂದ. ಒಂದು ಸಲ ನೆಟ್ಟರೆ ಏಳೆಂಟು ವರ್ಷಕ್ಕೆ ಕಟಾವು. ಬುಡ ಬಿಟ್ಟರೆ ಮತ್ತೆ ಗೊಂಚಲು ಗೊಂಚಲಾಗಿ ಏಳುತ್ತದೆ. ಒಂದೋ ಎರಡೋ ಗಟ್ಟಿ ಕಾಂಡ ಬಿಟ್ಟು ಉಳಿದದ್ದು ಮುರಿದು ಹಾಕಿದರೆ ಸೆಂಟ್ರಿಂಗ್ ಕಂಬಕ್ಕೆ ಆಗುವಷ್ಟು ಬರುತ್ತದೆ. ಮತ್ತೆ ನೆಡುವ ಖರ್ಚಿಲ್ಲ, ಗೊಬ್ಬರ ಇಲ್ಲ, ಕಾವಲು ಇಲ್ಲ.

ಬೋರ್‌ವೆಲ್ ಬತ್ತಿದ ಊರು

ಮಂಜಣ್ಣ, ದಯವಿಟ್ಟು ನೀಲಗಿರಿಯನ್ನು ಹೊಗಳಬೇಡಿ. ಅದೇ ಆಳದ ಬೇರು ನಮ್ಮ ನೆಲದ ತೇವ ಎಲ್ಲ ಹೀರಿತು.

ಮಾಲೂರು ಮಂಜ

ಹೊಗಳಲಿಲ್ಲ ಗುರು. ಯಾಕೆ ಹಬ್ಬಿತು ಅಂತ ಹೇಳಿದೆ. ಇನ್ನೂ ಒಂದು ಕಾರಣ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನೀಲಗಿರಿ ಚಿಗುರನ್ನು ದನ ಮುಟ್ಟುವುದಿಲ್ಲ, ಕುರಿ ಮುಟ್ಟುವುದಿಲ್ಲ. ಬೇಲಿ ಇಲ್ಲದ ಬಯಲಿನಲ್ಲಿ ಹೊಂಗೆ ಕಡಿದರೆ ಚಿಗುರು ಮೇಯುವ ಬಾಯಿಗೇ ಹೋಗುತ್ತದೆ. ನೀಲಗಿರಿ ಉಳಿಯುತ್ತದೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ಹಳೆಯ ಬುಡ ನೆಲದಲ್ಲಿ ಇರುವವರೆಗೆ ತೋಪು ಹೋಗುವುದಿಲ್ಲ. ಜೆಸಿಬಿ ತಂದು ಬುಡ ಕೀಳಿಸಿದವರ ಹೊಲ ಮಾತ್ರ ಮತ್ತೆ ರಾಗಿ ಕಂಡಿತು. ನಾವೂ ಹಾಗೇ ಕೀಳಿಸಿದ್ದು. ಖರ್ಚು ಜೋರಾಗಿಯೇ ಬಂತು.

ಹಾವೇರಿ ಹುಡುಗಿ

ನೀಲಗಿರಿ ಮಾತು ಬಂತು ಅಂತ ನೆನಪಿಸುತ್ತೇನೆ. 1987ರ ನವೆಂಬರ್‌ನಲ್ಲಿ ನಮ್ಮ ಕಡೆ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಚಳವಳಿ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಊರ ಗೋಮಾಳದಲ್ಲಿ ಕಾರ್ಖಾನೆಗೆ ಬೇಕಾದ ಮರದ ತಿರುಳಿಗೆ (ಪಲ್ಪ್‌ಗೆ) ಮರ ಬೆಳೆಸುವುದು ಬೇಡ, ದನಕ್ಕೆ ಮೇವು, ಮನೆಗೆ ಸೌದೆ ಕೊಡುವ ಮರ ಬೇಕು ಅನ್ನುವುದು ಅವರ ಮಾತು. ಕಡಿದರೆ ಚಿಗುರುತ್ತದೆ ಅನ್ನುವುದೊಂದೇ ಸಾಕಾಗುವುದಿಲ್ಲ. ಚಿಗುರಿದ್ದು ಯಾರ ಉಪಯೋಗಕ್ಕೆ ಅನ್ನುವುದೂ ಮುಖ್ಯ.

ಕೆಂಟ್ ಕನ್ನಡಿಗ

ನಾನು ಇರುವುದು ಇಂಗ್ಲೆಂಡಿನ ಕೆಂಟ್‌ನಲ್ಲಿ, ಊರು ಸೊರಬದ ಹತ್ತಿರ. ಇಲ್ಲಿಯ ವಿಷಯ ಬಂತಲ್ಲ, ಬರೆಯುತ್ತೇನೆ.

ಇಲ್ಲಿ ಹೇಝಲ್ ಅನ್ನುವ ಗಿಡವನ್ನು ಏಳರಿಂದ ಹತ್ತು ವರ್ಷಕ್ಕೊಮ್ಮೆ ಕಡಿಯುತ್ತಾರೆ. ಸಿಹಿ ಚೆಸ್ಟ್‌ನಟ್ ಮರವನ್ನು ಹನ್ನೆರಡರಿಂದ ಇಪ್ಪತ್ತು ವರ್ಷಕ್ಕೊಮ್ಮೆ. ಮೊದಲು ಹಾಪ್ಸ್ ಬಳ್ಳಿ ಹಬ್ಬಿಸುವ ಕಂಬಕ್ಕೆ, ಇದ್ದಿಲಿಗೆ ಬಳಸುತ್ತಿದ್ದರು. ಈಗ ಬೇಲಿಗೆ ಜಾಸ್ತಿ. ಸಫೋಕ್‌ನ ಬ್ರಾಡ್‌ಫೀಲ್ಡ್ ಕಾಡಿನಲ್ಲಿ 1252ರಿಂದ ಹೀಗೆ ಕಡಿಯುತ್ತಾ ಬಂದಿದ್ದಾರೆ ಅಂತ ದಾಖಲೆ ಇದೆ. ಕಡಿಯದೆ ಬಿಟ್ಟ ಮರಕ್ಕಿಂತ ಕಡಿಸಿಕೊಂಡ ಬುಡ ಎಷ್ಟೋ ಜಾಸ್ತಿ ಕಾಲ ಬದುಕುತ್ತದೆ. ಮೊದಲು ನನಗೂ ನಂಬಿಕೆ ಬರಲಿಲ್ಲ.

ಗುಟ್ಟು ಇರುವುದು ಹಂಚಿಕೆಯಲ್ಲಿ. ಇಡೀ ಕಾಡನ್ನು ಒಂದೇ ಸಲ ಮುಟ್ಟುವುದಿಲ್ಲ. ತುಂಡು ತುಂಡಾಗಿ ಭಾಗ ಮಾಡುತ್ತಾರೆ. ಈ ವರ್ಷ ಒಂದು ಭಾಗ, ಮುಂದಿನ ವರ್ಷ ಪಕ್ಕದ್ದು. ಮೊದಲನೆಯ ಭಾಗಕ್ಕೆ ತಿರುಗಿ ಬರುವ ಹೊತ್ತಿಗೆ ಅದು ಮತ್ತೆ ಕಡಿತಕ್ಕೆ ತಯಾರಾಗಿರುತ್ತದೆ. ನಡುನಡುವೆ ಕೆಲವು ಓಕ್ ಮರಗಳನ್ನು ಕಡಿಯದೆ ದೊಡ್ಡದಾಗಲು ಬಿಡುತ್ತಾರೆ, ಅವು ಮನೆಯ ತೊಲೆಗೆ. ಕಡಿದ ಜಾಗದಲ್ಲಿ ಬಿಸಿಲು ಬಿದ್ದು ವಸಂತದಲ್ಲಿ ಬ್ಲೂಬೆಲ್ ಹೂವು ನೆಲ ತುಂಬುತ್ತವೆ.

ಇಲ್ಲಿ ಕಾಟ ಅಂದರೆ ಜಿಂಕೆ. ಎಳೆ ಚಿಗುರು ಒಂದೂ ಬಿಡುವುದಿಲ್ಲ. ಅದಕ್ಕೇ ಕಡಿದ ಬುಡದ ಮೇಲೆ ಸಣ್ಣ ಕೊಂಬೆ ಒಟ್ಟಿ ಮುಚ್ಚುತ್ತಾರೆ, ಇಲ್ಲವೇ ಸುತ್ತ ಬೇಲಿ ಕಟ್ಟುತ್ತಾರೆ.

ಕಾನು ಉಳಿಯಲಿ, ಸಿದ್ದಾಪುರ

ನೀವೆಲ್ಲ ಬರೆಯುತ್ತಿರುವುದು ನೋಡಿದರೆ ಭಯ ಆಗುತ್ತದೆ. ಇಂಗ್ಲೆಂಡಿನ ಮರವೇ ಬೇರೆ, ಮಳೆಯೇ ಬೇರೆ. 1983ರಲ್ಲಿ ಇದೇ ಶಿರಸಿಯ ಸಲಕಣಿ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತದ್ದು ಯಾಕೆ? ಕಡಿಯುವವರು ಆಗಲೂ ಕಾಡು ತಾನಾಗಿ ಬೆಳೆಯುತ್ತದೆ ಅಂತಲೇ ಹೇಳುತ್ತಿದ್ದರು.

ಮಂಗಟ್ಟೆ ಹಕ್ಕಿ ಗೂಡು ಮಾಡುವುದು ದೊಡ್ಡ ಮರದ ಪೊಟರೆಯಲ್ಲಿ. ನೀವು ಹತ್ತು ವರ್ಷಕ್ಕೊಮ್ಮೆ ಕಡಿದ ಕೋಲಿನಲ್ಲಿ ಪೊಟರೆ ಎಲ್ಲಿಂದ ಬರುತ್ತದೆ? ಕಾನು ಅಂದರೆ ದಟ್ಟ ನಿತ್ಯಹಸಿರು ಕಾಡು. ನಮ್ಮ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಇದೆ. ಅಲ್ಲಿ ಒಂದು ಮರ ಹೋದರೂ ನೀರಿನ ಒರತೆಗೆ ಪೆಟ್ಟು. ಅಲ್ಲಿಗೆ ಈ ಬುಡ ಕಡಿಯುವ ವಿದ್ಯೆ ತಂದರೆ ಗತಿ ಏನು?

ಸಾಗರದ ಸುಮಾ

ಕಾನಿನ ಮಾತು ಇಲ್ಲಿ ಯಾರು ಎತ್ತಿದರು? ಕೇಳಿದ್ದು ಸೊಪ್ಪಿನ ಬೆಟ್ಟದ ವಿಷಯ.

ಕಾನು ಉಳಿಯಲಿ, ಸಿದ್ದಾಪುರ

ಅಕ್ಕ, ಬೆಟ್ಟ ಮುಗಿದ ಮೇಲೆ ಕತ್ತಿ ಹೋಗುವುದು ಕಾನಿಗೇ. ಅದಕ್ಕೇ ಎತ್ತಿದೆ.

ಹಳೇ ಗಾರ್ಡ್, ಯಲ್ಲಾಪುರ

ಸಿದ್ದಾಪುರದವರ ಮಾತನ್ನು ತಳ್ಳಿ ಹಾಕಬೇಡಿ. ಬುಡ ಕಡಿಯುವ ಪದ್ಧತಿ ಎಲೆ ಉದುರುವ ಕಾಡಿಗೆ ಸರಿ. ನಿತ್ಯಹಸಿರು ಮರಗಳಲ್ಲಿ ಹಲವು ಆ ಥರ ಚಿಗುರುವುದಿಲ್ಲ. ಕಾನು, ದೇವರಕಾಡು, ಹಳ್ಳದ ದಂಡೆ, ಇಷ್ಟಕ್ಕೂ ಕತ್ತಿ ಹೋಗಲೇಬಾರದು.

ಆದರೆ ಇನ್ನೊಂದು ಮಗ್ಗುಲು ಕೇಳಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆಗೆ ಬೇಕಿದ್ದದ್ದು ಇದ್ದಿಲು. ಆ ಇದ್ದಿಲು ಮಲೆನಾಡಿನ ಕಾಡಿನಿಂದ ಹೋಯಿತು. ಕಾರ್ಖಾನೆಗೆ ಪ್ರತಿ ದಿನ ಹೊಟ್ಟೆ ತುಂಬಬೇಕು, ಕಾಡಿಗೆ ವರ್ಷಗಟ್ಟಲೆ ಬಿಡುವು ಬೇಕು. ಇವೆರಡೂ ಜೊತೆಗೆ ಹೋಗುವುದು ಕಷ್ಟ. ಒಂದು ಮನೆಯ ಕೊಟ್ಟಿಗೆ, ಒಂದು ತೋಟ, ಅದಕ್ಕೆ ಬೇಕಾದ ಸೊಪ್ಪು ಇವೆಲ್ಲ ಅಳತೆಗೆ ಸಿಗುವ ವಿಷಯ. ಅಲ್ಲಿ ಹಂಚಿಕೆ ನಡೆಯುತ್ತದೆ. ನಾನು ಬೆಟ್ಟದ ಪರವಾಗಿ ಮಾತಾಡುವುದು ಇದಕ್ಕೇ.

ರೇಷ್ಮೆ ರಾಮನಗರ

ಕಾಡಿನ ಬಗ್ಗೆ ನನಗೆ ಗೊತ್ತಿಲ್ಲ. ಕಡಿದು ಚಿಗುರಿಸುವ ಬಗ್ಗೆ ಕೇಳಿ, ಹೇಳುತ್ತೇನೆ. ನಮ್ಮ ಹಿಪ್ಪುನೇರಳೆ ತೋಟ ಪೂರ್ತಿ ನಿಂತಿರುವುದೇ ಇದರ ಮೇಲೆ. ವಿ-1 ತಳಿ, ನೀರಾವರಿ ಇದ್ದರೆ ವರ್ಷಕ್ಕೆ ಐದು ಬೆಳೆ ಸೊಪ್ಪು. ಕಟಾವಾದ ಮೇಲೆ ಅರವತ್ತು ಎಪ್ಪತ್ತು ದಿನಕ್ಕೆ ಮತ್ತೆ ಸೊಪ್ಪು ತಯಾರು. ವರ್ಷಕ್ಕೊಮ್ಮೆ ಬುಡ ಸವರುತ್ತೇವೆ, ನೆಲದಿಂದ ಒಂದು ಗೇಣು ಬಿಟ್ಟು.

ಮಚ್ಚಿನಲ್ಲಿ ಹೊಡೆದು ಬುಡ ಸೀಳಿದರೆ ಆ ಗಿಡ ಕೆಡುತ್ತದೆ. ಸೀಳಿನಲ್ಲಿ ನೀರು ನಿಲ್ಲುತ್ತದೆ, ಕೊಳೆ ಶುರುವಾಗುತ್ತದೆ. ಗರಗಸದಲ್ಲಿ ನುಣ್ಣಗೆ, ಸ್ವಲ್ಪ ಓರೆಯಾಗಿ ಕೊಯ್ದರೆ ನೀರು ಜಾರಿ ಹೋಗುತ್ತದೆ. ಇಷ್ಟು ಸಲ ಕಡಿದರೂ ಗಿಡ ನಿಲ್ಲುವುದು ನಾವು ಗೊಬ್ಬರ, ನೀರು ಕೊಡುವುದರಿಂದ. ನಿಮ್ಮ ಬೆಟ್ಟಕ್ಕೆ ಯಾರು ಗೊಬ್ಬರ ಹಾಕುತ್ತಾರೆ? ಅಲ್ಲಿಂದ ಬರೀ ತರುವುದೇ ಆಯಿತು.

ಬೆಟ್ಟದಂಚು, ಶಿರಸಿ

ರಾಮನಗರದವರ ಕೊನೆಯ ಮಾತು ಮನಸ್ಸಿಗೆ ನಾಟಿತು. ಮಳೆಗಾಲದಲ್ಲಿ ಹಸಿ ಸೊಪ್ಪು ತಂದು ಕೊಟ್ಟಿಗೆಗೆ ಹಾಸುತ್ತೇವೆ. ಬೇಸಿಗೆಯಲ್ಲಿ ದರಕನ್ನೂ ಗುಡಿಸಿ ತರುತ್ತೇವೆ. ಎಲ್ಲ ತೋಟಕ್ಕೆ ಹೋಗುತ್ತದೆ, ಬೆಟ್ಟಕ್ಕೆ ತಿರುಗಿ ಏನೂ ಹೋಗುವುದಿಲ್ಲ.

ಗಾರ್ಡ್ ಸಾರ್, ಒಂದು ಕೇಳುತ್ತೇನೆ. ಕಡಿಯುವುದು ಯಾವಾಗ ಒಳ್ಳೆಯದು? ನಮಗೆ ಸೊಪ್ಪು ಬೇಕಾಗುವುದು ಮಳೆಗಾಲದಲ್ಲಿ.

ಹಳೇ ಗಾರ್ಡ್, ಯಲ್ಲಾಪುರ

ಅಲ್ಲೇ ಇರುವುದು ತೊಡಕು. ಬುಡ ಕಡಿಯುವುದಾದರೆ ಮಳೆ ಪೂರ್ತಿ ನಿಂತ ಮೇಲೆ, ಹೊಸ ಚಿಗುರು ಬರುವ ಮುಂಚೆ ಕಡಿಯಬೇಕು. ಆಗ ಆಹಾರ ಬೇರಿನಲ್ಲಿ ಇರುತ್ತದೆ, ಗಾಯ ಒಣಗುತ್ತದೆ, ಮೊದಲ ಮಳೆಗೆ ಚಿಗುರು ಓಟ ಕೀಳುತ್ತದೆ. ಜಡಿಮಳೆಯಲ್ಲಿ ಕಡಿದರೆ ಗಾಯ ಕೊಳೆಯುತ್ತದೆ. ಕೊಂಬೆ ಸವರುವುದಾದರೆ ಮಳೆಗಾಲದಲ್ಲೂ ನಡೆಯುತ್ತದೆ, ಆದರೆ ಕಾಂಡಕ್ಕೆ ತಾಗಿಸಿ ಕಡಿಯಬೇಡಿ, ತೊಗಟೆ ಸುಲಿಯಬೇಡಿ. ಕೊಂಬೆಯ ಕೆಳಗಡೆ ಮೊದಲು ಒಂದು ಏಟು, ಆಮೇಲೆ ಮೇಲಿಂದ. ಆಗ ಕೊಂಬೆ ಬೀಳುವಾಗ ತೊಗಟೆ ಕಿತ್ತು ಬರುವುದಿಲ್ಲ. ತುದಿಯ ತಲೆ ಯಾವತ್ತೂ ಮುಟ್ಟಬೇಡಿ.

ಬುಡದ ಚಿಗುರನ್ನು ಹತ್ತಿರ ಹೋಗಿ ನೋಡಿ. ಕೆಲವು ಕಡಿದ ಬಾಯಿಯ ಅಂಚಿನಲ್ಲಿ, ತೊಗಟೆಗೂ ಮರಕ್ಕೂ ನಡುವಿನಿಂದ ಏಳುತ್ತವೆ. ಕಣ್ಣಿಗೆ ದಷ್ಟಪುಷ್ಟ, ಆದರೆ ಹಿಡಿತ ಇರುವುದಿಲ್ಲ, ಜೋರು ಗಾಳಿಗೆ ಸೀಳಿ ಬೀಳುತ್ತವೆ. ಇನ್ನು ಕೆಲವು ನೆಲಕ್ಕೆ ತಾಗಿದ ಹಾಗೆ, ಮಣ್ಣಿನ ಅಂಚಿನಲ್ಲಿ ಏಳುತ್ತವೆ. ಅವನ್ನು ಉಳಿಸಿಕೊಳ್ಳಿ. ಅವು ಗಟ್ಟಿ ನಿಲ್ಲುತ್ತವೆ, ಎಷ್ಟೋ ಸಲ ಸ್ವಂತ ಬೇರನ್ನೂ ಬಿಡುತ್ತವೆ. ಅದಕ್ಕೇ ಬುಡವನ್ನು ಆದಷ್ಟು ತಗ್ಗಿಸಿ ಕಡಿಯಬೇಕು ಅನ್ನುವುದು.

ಪುತ್ತೂರು ತೋಟ

ಮಾರಾಯ್ರೆ, ನಮ್ಮಲ್ಲಿ ಇದಕ್ಕೆ ಕುಮ್ಕಿ. ವರ್ಗ ಜಾಗದಿಂದ (ನಮ್ಮ ಪಟ್ಟಾ ಜಾಗದಿಂದ) ನೂರು ಗಜದವರೆಗಿನ ಸರ್ಕಾರಿ ಜಾಗ, ಸೊಪ್ಪು ಸೌದೆಗೆ. ಈಗ ಅರ್ಧಕ್ಕರ್ಧ ಕುಮ್ಕಿಯಲ್ಲಿ ರಬ್ಬರ್ ನಿಂತಿದೆ, ಸೊಪ್ಪು ಎಲ್ಲಿಂದ ತರುವುದು?

ನಾವು ಮಾಡಿದ್ದು ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ. ತೋಟದ ಬೇಲಿಯುದ್ದಕ್ಕೂ ಕೋಲು ಊರಿದ್ದೇವೆ. ಸೊಂಟದ ಎತ್ತರಕ್ಕೆ ಕಡಿಯುತ್ತೇವೆ, ವರ್ಷಕ್ಕೆ ಎರಡು ಮೂರು ಸಲ. ಎಲೆ ಮೆತ್ತಗೆ, ಬೇಗ ಕರಗುತ್ತದೆ, ಸಾರಜನಕವೂ ಜಾಸ್ತಿ. ಬೆಟ್ಟ ಹತ್ತುವ ಕೆಲಸ ಇಲ್ಲ, ಹೆಂಗಸರೂ ನಿಂತಲ್ಲೇ ಕಡಿಯಬಹುದು. ಬೆಟ್ಟದ ಮೇಲಿನ ಭಾರ ಇಳಿಯಬೇಕು ಅಂದರೆ ಮೊದಲು ಸೊಪ್ಪನ್ನು ತೋಟದ ಅಂಚಿಗೆ ತನ್ನಿ.

ಕಾನು ಉಳಿಯಲಿ, ಸಿದ್ದಾಪುರ

ಇದು ಒಪ್ಪುವ ಮಾತು. ಇದನ್ನೇ ಮೊದಲು ಹೇಳಿದ್ದರೆ ನಾನು ಜಗಳವೇ ಆಡುತ್ತಿರಲಿಲ್ಲ.

ಬಾಣೆಯವ, ಮಡಿಕೇರಿ

ನಮ್ಮ ಕೊಡಗಿನ ಬಾಣೆಯೂ ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಅಂತ ಬಿಟ್ಟಿದ್ದ ಜಾಗವೇ. ಈಗ ಬಹಳ ಕಡೆ ಕಾಫಿ ಆಗಿದೆ. ಕಾಫಿಯ ನೆರಳಿಗಾಗಿ ವರ್ಷ ವರ್ಷ ಮರ ಸವರುತ್ತೇವಲ್ಲ, ಆ ಕೆಲಸಗಾರರ ಕೈಚಳಕ ನೋಡಬೇಕು. ಯಾವ ಕೊಂಬೆ ಬಿಟ್ಟರೆ ಎಲ್ಲಿ ಬಿಸಿಲು ಬೀಳುತ್ತದೆ ಅಂತ ಕೆಳಗಿನಿಂದಲೇ ಹೇಳುತ್ತಾರೆ. ಅಂಥವರು ಈಗ ಸಿಗುವುದೇ ಕಷ್ಟ.

ಮಾಲೂರು ಮಂಜ

ಕೈಚಳಕದ ಮಾತು ಬಂತು, ಹಾಗೇ ಒಂದು ಪ್ರಶ್ನೆ. ಪೆಟ್ರೋಲ್ ಗರಗಸದಲ್ಲಿ ಕೊಯ್ದ ಬುಡ ಸರಿಯಾಗಿ ಚಿಗುರುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ನಿಜವಾ?

ಕೆಂಟ್ ಕನ್ನಡಿಗ

ಇಲ್ಲಿ ಈಗ ಹೆಚ್ಚಿನವರು ಅದರಲ್ಲೇ ಕೊಯ್ಯುವುದು ಮಂಜಣ್ಣ. ಚೆನ್ನಾಗಿಯೇ ಚಿಗುರುತ್ತದೆ. ಹಲ್ಲು ಮೊಂಡಾಗಿ ತೊಗಟೆ ಹರಿದರೆ ಮಾತ್ರ ತೊಂದರೆ.

ರೇಷ್ಮೆ ರಾಮನಗರ

ಗಾಯ ದೊಡ್ಡದಿದ್ದರೆ ಬೋರ್ಡೋ ಮುಲಾಮು ಬಳಿಯಿರಿ. ಅದಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಎರಡೂ ಅಡಿಕೆಯವರ ಮನೆಯಲ್ಲಿ ಇದ್ದೇ ಇರುತ್ತವೆ.

ಬೋರ್‌ವೆಲ್ ಬತ್ತಿದ ಊರು

ಅಕೇಶಿಯಾ ಬುಡ ಚಿಗುರುತ್ತದಾ? ನಮ್ಮ ಊರ ಕೆರೆ ಅಂಚಿನಲ್ಲಿ ತುಂಬಾ ಇದೆ. ತೆಗೆಸಿದರೆ ನೀಲಗಿರಿ ಥರ ಮತ್ತೆ ಏಳುತ್ತದೆ ಅಂತ ಕೆಲವರು ಹೆದರಿಸುತ್ತಾರೆ.

ಹಳೇ ಗಾರ್ಡ್, ಯಲ್ಲಾಪುರ

ಅಕೇಶಿಯಾ ಬುಡದಿಂದ ಅಷ್ಟು ಚೆನ್ನಾಗಿ ಏಳುವುದಿಲ್ಲ. ಸರ್ವೆ ಮರವೂ ಅಷ್ಟೇ. ಅಕೇಶಿಯಾದ ಬೀಜಕ್ಕೆ ಹೆದರಿ, ಉದುರಿದ ಕಡೆ ಸಸಿ ಹುಟ್ಟುತ್ತವೆ. ತೆಗೆಸಿದ ಜಾಗದಲ್ಲಿ ಹೊಂಗೆ ಹಾಕಿ. ಕಡಿದರೂ ಚಿಗುರುತ್ತದೆ, ಹೊಲಕ್ಕೆ ಸೊಪ್ಪೂ ಆಗುತ್ತದೆ.

ಬೆಟ್ಟದಂಚು, ಶಿರಸಿ

ಎಲ್ಲರದ್ದೂ ಓದಿ ಅಪ್ಪನಿಗೂ ಮಗಳಿಗೂ ಓದಿ ಹೇಳಿದೆ. ಊಟಕ್ಕೆ ಕೂತಲ್ಲೇ ವಾದ ಶುರುವಾಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು: ಬೆಟ್ಟವನ್ನು ನಾಲ್ಕು ಭಾಗ ಮಾಡುವುದು, ವರ್ಷಕ್ಕೆ ಒಂದರಲ್ಲಿ ಮಾತ್ರ ಸೊಪ್ಪು. ಹಳ್ಳದ ಪಕ್ಕದ ಮರಗಳನ್ನು ಪೂರ್ತಿ ಬಿಡುವುದು. ದರಕನ್ನೂ ಆ ಒಂದು ಭಾಗದಲ್ಲಿ ಮಾತ್ರ ಗುಡಿಸುವುದು, ಉಳಿದ ಕಡೆ ಅಲ್ಲೇ ಕೊಳೆಯಲಿ. ಬುಡ ಕಡಿಯುವ ವಿಚಾರ ಬೆಟ್ಟದಲ್ಲಿ ಬೇಡ. ಬೇಣದ (ಹುಲ್ಲುಗಾವಲಿನ) ಅಂಚಿನ ನಮ್ಮ ಸ್ವಂತ ಜಾಗದಲ್ಲಿ ಒಂದಷ್ಟು ಎಳೆ ನೇರಳೆ ಇವೆ. ಅನುಮತಿ ಬೇಕಾದರೆ ಕೇಳಿಕೊಂಡು ಅಲ್ಲಿ ಮಾಡಿ ನೋಡುತ್ತೇವೆ.

ಸಾಗರದ ಸುಮಾ

ಅಣ್ಣ, ನಾಲ್ಕರಲ್ಲಿ ಒಂದು ಭಾಗದ ಸೊಪ್ಪು ತೋಟಕ್ಕೆ ಸಾಲುತ್ತದಾ? ನನಗೆ ಅನುಮಾನ.

ಬೆಟ್ಟದಂಚು, ಶಿರಸಿ

ಸಾಲುವುದಿಲ್ಲ ತಂಗಿ, ಗೊತ್ತು. ಅದಕ್ಕೇ ಬೇಲಿಗೆ ಗೊಬ್ಬರದ ಗಿಡ. ಅಡಿಕೆ ಸಿಪ್ಪೆಯನ್ನೂ ಇಷ್ಟು ದಿನ ಸುಮ್ನೆ ಸುಡುತ್ತಿದ್ದೆವು, ಈ ಸಲ ಅದನ್ನೂ ಕೊಳೆಸಿ ತೋಟಕ್ಕೇ ಹಾಕುತ್ತೇವೆ. ನನ್ನ ಚಿಂತೆ ಅದಲ್ಲ, ದನ. ನಮ್ಮ ಭಾಗ ನಾವು ಬಿಟ್ಟರೂ ಊರಿನ ದನ ಬಿಡಬೇಕಲ್ಲ? ಕೆಳಗಿನ ಎಳೆ ಚಿಗುರೆಲ್ಲ ಅವುಗಳ ಪಾಲು.

ಹಳೇ ಗಾರ್ಡ್, ಯಲ್ಲಾಪುರ

ಬೇಣದ ಬುಡಗಳಿಗೆ ಮುಳ್ಳಿನ ಕೊಂಬೆ ಒಟ್ಟಿ, ಎರಡು ಮಳೆಗಾಲ ಕಾಯ್ದರೆ ಚಿಗುರು ದನದ ಬಾಯಿಗೆ ಸಿಗದಷ್ಟು ಎತ್ತರ ಆಗುತ್ತದೆ. ಬೆಟ್ಟಕ್ಕೆ ನೀವೊಬ್ಬರೇ ಏನೂ ಮಾಡಲಾಗುವುದಿಲ್ಲ. ಪಕ್ಕದ ಬೆಟ್ಟದವರನ್ನೂ ಕೂರಿಸಿ ಮಾತಾಡಿ. ಎಲ್ಲರೂ ಒಂದೇ ದಿಕ್ಕಿನ ಭಾಗವನ್ನು ಒಂದೇ ವರ್ಷ ಬಿಟ್ಟರೆ ದನ ಕಾಯುವವರಿಗೂ ಸುಲಭ.

ಪುತ್ತೂರು ತೋಟ

ಗೊಬ್ಬರದ ಗಿಡದ ಕೋಲು ನಮ್ಮಲ್ಲಿ ಬೇಕಾದಷ್ಟಿದೆ. ಹೆಬ್ಬೆರಳಿಗಿಂತ ದಪ್ಪದ, ಬಲಿತ ಕೋಲೇ ಬೇಕು, ಎಳೆಯದು ಕೊಳೆಯುತ್ತದೆ. ಮೊದಲ ಮಳೆ ಬಿದ್ದ ಕೂಡಲೇ ಊರಬೇಕು, ಹಾಗಾಗಿ ಮೇ ಕೊನೆಗೆ ಬಂದು ಒಯ್ಯಿರಿ. ದುಡ್ಡೇನೂ ಬೇಡ, ಜೀಪು ನಿಮ್ಮದು.